ಸಾಕು ಎನ್ನುವ ಕೈ

ಬೆಳಗಾವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಮ್ಮಣ್ಣ ಮಾಸ್ತರರು ಖಾನಾಪುರ ಕಡೆಯ ಮದುವೆಗಳಿಗೆ ಹೋದರೆ ಊಟದ ಪಂಕ್ತಿಯೂ ತರಗತಿಯೇ. ಹುಗ್ಗಿಯ ಬಕೆಟ್ ಹತ್ತಿರ ಬಂದೊಡನೆ ಎಲೆಗೆ ಕೈ ಅಡ್ಡ ಹಿಡಿದು, "ನೋಡ್ರೀ, ಜೀವಕೋಶಕ್ಕ 'ಬೆಳಿ, ಬೆಳಿ' ಅಂತ ಸಂದೇಶ ಬರ್ತೈತಿ. ಒಂದು ಜೀನ್ ಹಿಂಗ ಕೈ ಅಡ್ಡ ಹಿಡದು 'ಸಾಕು' ಅಂತೈತಿ. ಆ ಕೈ ಸರಿದ್ರ ಕ್ಯಾನ್ಸರ್!" ಎನ್ನುತ್ತಾರೆ. ಬಡಿಸುವವರಿಗೆಲ್ಲ ಇದು ಬಾಯಿಪಾಠ; ಒಬ್ಬನಂತೂ, "ಜೀನ್ ತಗೀರಿ ಸರ್, ಹುಗ್ಗಿ ಆರ್ತೈತಿ" ಎಂದೇಬಿಟ್ಟ. ಮನೆಯಲ್ಲಿ ಮಾತ್ರ ಈ ಪಾಠವಿಲ್ಲ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದ ಹೆಂಡತಿ ಕಾಂತಾ, ತಾನೇ ಬಡಿದ ನಾಲ್ಕನೆಯ ರೊಟ್ಟಿ ಹಾಕಿ "ಸಾಕೇನ್ರೀ?" ಎಂದರೆ, ಹೊಟ್ಟೆ ಬಿರಿಯುತ್ತಿದ್ದರೂ ಮಾಸ್ತರರು ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡು, "ಇನ್ನೊಂದ ನೀಡು" ಎನ್ನುತ್ತಾರೆ.