ನೀರಿಗೆ ಹೇಳಿಸಿದ ಸುಳ್ಳು

ಕಾಶಮ್ಮಕ್ಕ, ಆ ದಿನ ಕೆರೆಯ ದಂಡೆಯಲ್ಲಿ ನಿಂತು ನೀವು ನೀರಿಗೆ ಹೇಳಿದ ಸುಳ್ಳು ನಿಮ್ಮದಲ್ಲ, ನನ್ನದು. ನಿಮ್ಮ ಬಾಯಿಂದ ಅದನ್ನು ಹೇಳಿಸಿದವನು ನಾನು. ನಿಮ್ಮ ಗಂಡ ಮಾಳಪ್ಪ ಕುಡಿದು ಮುಳುಗಿದ ಎಂದು ಊರೆಲ್ಲ ಆಡಿಕೊಂಡಾಗ, ಅವರು ಯಾಕೆ ಮುಳುಗಿದರು ಎಂಬುದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಸುತ್ತಿ ಬಳಸಿ ಮಾತಾಡುವುದು ನನ್ನ ಕಸುಬು, ಒಮ್ಮೆ ಸುತ್ತಲು ಶುರು ಮಾಡಿದರೆ ಈ ಮಾತಿಗೆ ನಾನು ಬರುವುದೇ ಇಲ್ಲ.

ನಿಮಗೆ ಓದು ಬರುವುದಿಲ್ಲ, ಗೊತ್ತು. ನಿಮ್ಮ ಎದುರು ಕೂತು ನಾನೇ ಓದಬೇಕೆಂದು ಬರೆಯುತ್ತಿದ್ದೇನೆ. ಬರೆಯದೆ ಬಂದರೆ ನಿಮ್ಮ ಮುಖ ಕಂಡ ಕೂಡಲೇ ಬೇರೆ ಏನೋ ಮಾತಾಡಿ, ಚಹಾ ಕುಡಿದು ಎದ್ದು ಬಂದೇನು. ಹಿಂದೊಮ್ಮೆ ಹಾಗೆ ಬಂದಿದ್ದೇನೆ ಕೂಡ — ಕುರಿಗಳ ಬಗ್ಗೆ ವಿಚಾರಿಸಿದೆ, ನೆನಪಿದೆಯೇ?

ಹುಮನಾಬಾದಿನಲ್ಲಿ ಅಂಗಡಿಕಾರರಿಗೆ, ಗುತ್ತಿಗೆದಾರರಿಗೆ ತೆರಿಗೆಯ ಕೆಲಸ ಮಾಡಿಕೊಟ್ಟೇ ನಾನು ಮನೆ ಕಟ್ಟಿದ್ದು. ಯಾವ ವಸ್ತುವಿಗೆ ಯಾವ ಹೆಸರು ಕೊಟ್ಟರೆ ತೆರಿಗೆ ಇಳಿಯುತ್ತದೆ ಎಂಬುದು ನನಗೆ ಬಾಯಿಪಾಠ. ಜನ ‘ಭಾರೀ ಡೋಕಿ ಅದರೀ ನಿಮ್ಮದು’ ಎಂದು ನನ್ನ ತಲೆಯನ್ನು ಹೊಗಳಿದರೆ ಒಳಗೊಳಗೇ ಉಬ್ಬುತ್ತಿದ್ದೆ. ಹೀಗಿರುವಾಗ ಬಸವಕಲ್ಯಾಣದ ನನ್ನ ಗೆಳೆಯ ಶಿವರಾಜ ನಿಮ್ಮ ಘಾಟಬೋರಾಳದ ಕಡೆಯ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ತಿರುಗಾಡಿಸುವ ಗುತ್ತಿಗೆ ಹಿಡಿದ. ದೋಣಿಯ ಬೆಲೆ ಮೂರು ಲಕ್ಷ. ತೆರಿಗೆ ಕೇಳಿ ಅವನ ಮುಖ ಇಳಿದುಹೋಯಿತು. ಮೋಜಿನ ದೋಣಿ ಎಂದರೆ ಸರ್ಕಾರದ ಕಣ್ಣಿಗೆ ಅದು ಐಷಾರಾಮ, ನೂರಕ್ಕೆ ಇಪ್ಪತ್ತೆಂಟು, ಅದರ ಮೇಲೆ ಸೆಸ್ಸು — ಸುಮಾರು ತೊಂಬತ್ತು ಸಾವಿರ. ಅರಬ್ ಶ್ರೀಮಂತರ ಮೋಜಿನ ಹಡಗಿಗೂ ನಮ್ಮ ಕೆರೆಯ ದೋಣಿಗೂ ಒಂದೇ ದರ. ಆದರೆ ಮೀನು ಹಿಡಿಯುವ ದೋಣಿಗೆ ನೂರಕ್ಕೆ ಐದೇ. ಹದಿನೈದು ಸಾವಿರ.

‘ಮೀನಿನ ದೋಣಿ ತರಿಸು’ ಅಂದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಇದನ್ನು ಶಿವರಾಜನಿಗೂ ಹೇಳಿಲ್ಲ. ಆ ತೆರಿಗೆಯನ್ನು ಕಟ್ಟಿದ್ದರೆ, ಮುಂದೆ ಟಿಕೆಟ್ಟಿನ ಮೇಲೆ ಬರುವ ತೆರಿಗೆಯಲ್ಲಿ ಅದನ್ನು ಸ್ವಲ್ಪ ಸ್ವಲ್ಪವಾಗಿ ವಜಾ ಮಾಡಿಕೊಳ್ಳಲು ದಾರಿಯಿತ್ತು. ನಿಧಾನದ ದಾರಿ, ಆದರೆ ನ್ಯಾಯದ್ದು. ನನಗೆ ಅದು ಗೊತ್ತಿತ್ತು. ಒಂದೇ ಏಟಿಗೆ ಉಳಿಸಿಕೊಟ್ಟ ಅನ್ನಿಸಿಕೊಳ್ಳುವ ಚಪಲ — ಬೇರೇನೂ ಅಲ್ಲ.

ದೋಣಿ ಮಾಡುವವರು ಮೋಜಿನ ದೋಣಿಯಲ್ಲಿ ಸೀಟುಗಳ ಕೆಳಗೆ ಗಾಳಿ ತುಂಬಿದ, ಬಿಗಿಯಾಗಿ ಮುಚ್ಚಿದ ಡಬ್ಬಿಗಳನ್ನು ಕೂರಿಸುತ್ತಾರೆ. ದೋಣಿಯೊಳಗೆ ನೀರು ತುಂಬಿದರೂ ಆ ಗಾಳಿ ಅದನ್ನು ಮುಳುಗಗೊಡುವುದಿಲ್ಲ. ಸೀಟು ಇದ್ದರೆ ಮೀನಿನ ದೋಣಿ ಅನ್ನಲು ಬರುವುದಿಲ್ಲ. ಸೀಟು ಬೇಡ ಅಂದೆ. ಸೀಟಿನ ಜೊತೆ ಡಬ್ಬಿಗಳೂ ಹೋದವು. ಆ ಜಾಗದಲ್ಲಿ ಮೀನು ಹಾಕುವ ಬಾಯ್ತೆರೆದ ತೊಟ್ಟಿ ಬಂತು. ‘ಇದು ಮಂದಿ ಕೂಡೋದಕ್ಕ ಅಲ್ಲ ನೋಡ್ರಿ ಮತ್ತ’ ಎಂದು ಮಾಡಿಕೊಟ್ಟವರು ಫೋನಿನಲ್ಲಿ ನನಗೇ ಹೇಳಿದರು. ಹೂಂ ಅಂದೆ. ಆಮೇಲೆ ಕೂರಲು ಹಲಗೆ ಬಡಿದರಾಯಿತು ಎಂದುಕೊಂಡೆ. ನೋಡುವವರಿಗೆ ನಂಬಿಕೆ ಬರಲೆಂದು ಹುಮನಾಬಾದಿನ ಸಂತೆಯಲ್ಲಿ ಒಂದು ಹಳೆಯ ಬಲೆ ಕೊಂಡು ತೊಟ್ಟಿಯಲ್ಲಿ ಹಾಕಿಸಿದವನೂ ನಾನೇ.

ದೋಣಿ ಹೊತ್ತ ಲಾರಿ ನಮ್ಮ ಊರು ದಾಟುವಾಗ ಜನ ಮದುವೆ ಮೆರವಣಿಗೆ ನೋಡಿದಂತೆ ನಿಂತು ನೋಡಿದರು. ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರೂ ನೋಡಿದರು. ಅವರಿಗೆ ಸಂಶಯ ಬಂತು. ‘ನೀರಿಗಿಳಿಯೋದು ನೋಡೇ ಹೋಗ್ತೀನ್ರಿ’ ಎಂದು ಜೀಪಿನಲ್ಲಿ ಹಿಂದೆಯೇ ಬಂದರು.

ನಿಮ್ಮ ಕಡೆಯ ಪದ್ಧತಿ ನನಗೆ ಆಗ ಗೊತ್ತಿರಲಿಲ್ಲ. ಹೊಸದೇನನ್ನಾದರೂ ಕೆರೆಗೆ ಇಳಿಸುವ ಮುಂಚೆ, ಆ ಕೆರೆಯ ನೀರನ್ನೇ ಕುಡಿದು ಬದುಕುವ ಮನೆಯ ಹೆಣ್ಣುಮಗಳು ಗಂಗವ್ವನ ಉಡಿ ತುಂಬಬೇಕು. ಯಾವ ಕೆಲಸಕ್ಕೆ ಬಂದಿದ್ದೇವೆ ಎಂದು ನೀರಿಗೆ ಬಾಯಿಬಿಟ್ಟು ಹೇಳಬೇಕು. ದಿನವೂ ಅಲ್ಲಿ ಕುರಿಗಳಿಗೆ ನೀರು ಕುಡಿಸುವವರು ನೀವು. ದೋಣಿ ನಡೆಸಲು ಗೊತ್ತಾದವರು ನಿಮ್ಮ ಗಂಡ. ನೀವೇ ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಕಣ ಹಿಡಿದು ನೀರಿಗಿಳಿದಿರಿ. ಅಧಿಕಾರಿ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು. ನಾನು ಪ್ಯಾಂಟು ಮಡಚಿಕೊಂಡು ನಿಮ್ಮ ಹಿಂದೆ ಬಂದು ಕಿವಿಯಲ್ಲಿ ಹೇಳಿದೆ — ‘ಮೀನ ಹಿಡಿಯಾಕ ಬಂದೀವಿ ಅನ್ನು.’

‘ಸಾಹೇಬ್ರ, ಮಂದಿ ಕೂಡಿಸ್ಕೊಂಡು ತಿರುಗಾಕಲ್ಲೇನ್ರಿ ಇದು? ನೀರಿಗಿ ಸುಳ್ಳ ಹೇಳಬಾರದ್ರಿ. ಅದು ಖರೆ ಅಂತ ತಿಳ್ಕೋತದ.’

‘ನಿನ್ನ ಗಂಡಗ ಕೆಲಸ ಬೇಕೋ ಬ್ಯಾಡೋ?’

ಇದೇ ನನ್ನ ಮಾತು. ಅಕ್ಷರ ಅಕ್ಷರ ಇದೇ. ನನಗಿಂತ ಹಿರಿಯರು ನೀವು, ಏಕವಚನದಲ್ಲಿ ಅಂದೆ. ನೀವು ಒಮ್ಮೆ ಮಾಳಪ್ಪನ ಕಡೆ ನೋಡಿದಿರಿ. ಆಮೇಲೆ ಎಲ್ಲರಿಗೂ ಕೇಳುವಂತೆ ‘ಮೀನ ಹಿಡಿಯಾಕ ಬಂದೀವಿ, ಕಾಯಿ ತಾಯಿ’ ಎಂದಿರಿ. ಅಧಿಕಾರಿಗೆ ಸಮಾಧಾನವಾಯಿತು. ಗಾಳಿ ಇರಲಿಲ್ಲ. ನೀವು ತೇಲಿಬಿಟ್ಟ ಕೊಬ್ಬರಿ ಬಟ್ಟಲು ಸ್ವಲ್ಪ ದೂರ ಹೋಯಿತು, ನಿಂತಿತು, ಆಮೇಲೆ ಕೆಳಗಿನಿಂದ ಯಾರೋ ಬೆರಳಲ್ಲಿ ಹಿಡಿದೆಳೆದ ಹಾಗೆ ಒಳಗೆ ಹೋಯಿತು. ನೀವು ನೋಡಿದಿರಿ. ನಾನೂ ನೋಡಿದೆ.

ಕೆಲವು ದಿನಗಳ ಮೇಲೆ ಹೋದಾಗ ಮಾಳಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ‘ಸಾಹೇಬ್ರ, ಮೀನಿನ ಬಲಿ ನಾ ನೀರಿಗಿ ಬಿಟ್ಟಿಲ್ರಿ. ದಿನಾ ಮುಂಜಾನೆ ನೋಡಿದ್ರ ತೊಯ್ದಿರ್ತದ.’ ಇಬ್ಬನಿ ಬಿದ್ದಿರಬೇಕು ಎಂದು ನಕ್ಕೆ. ನೆತ್ತಿ ಸುಡುವ ಬೇಸಿಗೆಯಲ್ಲಿ ಬೀದರ ಜಿಲ್ಲೆಯಲ್ಲಿ ಇಬ್ಬನಿ! ಅವರು ನಗಲಿಲ್ಲ. ಬಲೆಯಲ್ಲಿ ಸಿಕ್ಕಿದ್ದನ್ನು ಒಂದು ಚೀಲದಲ್ಲಿ ಕೂಡಿಟ್ಟಿದ್ದರು. ಮೀನಲ್ಲ — ಹಿಂದಿನ ದಿನ ದೋಣಿಯಲ್ಲಿ ಕೂತು ಹೋದವರ ಸಾಮಾನು. ಹೆಣ್ಣುಮಕ್ಕಳ ರಿಬ್ಬನ್ನು, ಒಂದು ಬಳೆ, ಯಾರದೋ ಕರ್ಚೀಫು. ನೀರಿಗೆ ಬಿದ್ದದ್ದು ತೇಲಿ ಬಂದಿರಬೇಕು ಎಂದೆ. ನನ್ನ ಬಳಿ ಎಲ್ಲದಕ್ಕೂ ಒಂದು ವಿವರಣೆ ಇರುತ್ತಿತ್ತಲ್ಲ. ಕೊನೆಯ ಸಲ ಸಿಕ್ಕಾಗ ಅವರು ಬಹಳ ಮೆತ್ತಗೆ ಹೇಳಿದರು: ‘ಇವತ್ತ ನನ್ನ ಟವೆಲ್ ಸಿಕ್ಕದ್ರಿ. ನಾ ಅದನ್ನ ಮನ್ಯಾಗ ಗೂಟಕ್ಕ ಹಾಕಿ ಬಂದಿದ್ದೆ.’

ನಾನು ಅವರ ಬೆನ್ನು ತಟ್ಟಿದೆ. ಅಷ್ಟೇ. ಬೆನ್ನು ತಟ್ಟಿ, ಕಾರು ಹತ್ತಿ ಬಂದೆ.

ಮರುದಿನ ಮಧ್ಯಾಹ್ನ ಅವರು ಜನರನ್ನು ಆಚೆ ದಂಡೆಗೆ ಇಳಿಸಿ ಒಬ್ಬರೇ ವಾಪಸು ಬರುತ್ತಿದ್ದರು. ಗಾಳಿ ಎದ್ದಿತು, ದೊಡ್ಡ ಗಾಳಿಯೇನೂ ಅಲ್ಲ. ಒಂದೆರಡು ಅಲೆ ಒಳಗೆ ಬಿದ್ದವು, ತೊಟ್ಟಿ ತುಂಬಿತು, ದೋಣಿ ಕಲ್ಲಿನಂತೆ ನೆಟ್ಟಗೆ ಕೆಳಗಿಳಿಯಿತು. ಆ ಗಾಳಿಯ ಡಬ್ಬಿಗಳಿದ್ದಿದ್ದರೆ ಮಾಳಪ್ಪ ತುಂಬಿದ ದೋಣಿಯನ್ನೇ ಹಿಡಿದುಕೊಂಡು ದಂಡೆ ಮುಟ್ಟುತ್ತಿದ್ದರು. ಅವರಿಗೆ ಈಜು ಚೆನ್ನಾಗಿ ಬರುತ್ತಿತ್ತು. ಮೇಲಕ್ಕೆತ್ತಿದಾಗ ಎರಡೂ ಕಾಲಿಗೆ ಬಲೆ ಸುತ್ತಿತ್ತು, ಪೊಲೀಸರು ಅದನ್ನು ಕತ್ತರಿಸಿಯೇ ಬಿಡಿಸಬೇಕಾಯಿತು. ಯಾರನ್ನೋ ನಂಬಿಸಲು ನಾನು ಸಂತೆಯಲ್ಲಿ ಚೌಕಾಶಿ ಮಾಡಿ ತಂದ ಬಲೆ, ಅಕ್ಕ.

ವಿಚಾರಣೆಗೆ ಬಂದವರು ಕೇಳಿದಾಗ ದೋಣಿ ಸರಿಯಿತ್ತು ಅಂದೆ. ಹಾಗಾದರೆ ನಡೆಸುವವನ ತಪ್ಪೇ ಎಂದು ಅವರೇ ಮುಂದುವರಿಸಿದರು. ಕುಡಿದಿದ್ದ ಎಂದು ಯಾರೋ ಸೇರಿಸಿದರು. ಜೀವಮಾನದಲ್ಲಿ ಹನಿ ಮುಟ್ಟದ ಮನುಷ್ಯ — ನಾನು ಗೋಣು ಆಡಿಸಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಊರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರಿಗೆ ಸುಳ್ಳು ಹೇಳಿ ಗಂಡನನ್ನು ಕೊಟ್ಟವಳು ಎಂದು ನಿಮ್ಮ ಮೇಲೆ ಹಾಕಿದರು. ಈಗ ಯಾರ ಮನೆಯ ಊಟಕ್ಕೂ ನಿಮ್ಮನ್ನು ಕರೆಯುವುದಿಲ್ಲವಂತೆ. ನೀವು ಆ ಕೆರೆ ಬಿಟ್ಟು, ನೀರಿಗಾಗಿ ದಿನವೂ ಕುರಿ ಹೊಡೆದುಕೊಂಡು ಕೊಡಂಬಲದ ದಿಕ್ಕಿಗೆ ಹೋಗುತ್ತೀರಂತೆ. ಹೇಳಿಸಿದವನು ನಾನೆಂದು ಒಂದು ಮಾತು ನೀವು ಯಾರಲ್ಲೂ ಆಡಲಿಲ್ಲ. ಯಾಕೆ? ಹೇಳಿದರೂ ನಂಬುವವರಿಲ್ಲ ಎಂದೋ, ಅಥವಾ ನಾನೇ ಒಂದು ದಿನ — ಬೇಡ, ಅದನ್ನು ನಾನು ಊಹಿಸಬಾರದು.

ಶಿವರಾಜ ಗುತ್ತಿಗೆ ಬಿಟ್ಟ. ಕೆರೆಯಿಂದ ಮೇಲೆತ್ತಿದ ದೋಣಿ ದಂಡೆಯಲ್ಲಿ ಬೋರಲು ಬಿದ್ದಿತ್ತು. ಮೊನ್ನೆ ಹೊಸ ಗುತ್ತಿಗೆದಾರನೊಬ್ಬ ನನ್ನ ಆಫೀಸಿಗೆ ಬಂದ. ಹಳೆಯ ದೋಣಿಗೆ ಬಣ್ಣ ಹಚ್ಚಿ ಓಡಿಸುತ್ತಿದ್ದಾನೆ, ಇನ್ನೊಂದು ಹೊಸದು ಬೇಕು. ಈಗ ಮೋಜಿನ ದೋಣಿಯ ತೆರಿಗೆ ನಲವತ್ತಕ್ಕೇರಿದೆ. ‘ಮೀನಿಂದು ಅಂತ ತೋರಿಸಾಕ ಬರ್ತದೇನ್ರಿ? ಮೊದಲಿಂದು ನೀವೇ ಮಾಡಿಕೊಟ್ಟಿದ್ರಂತಲ್ಲ’ ಎಂದ. ಅವನು ನಗುತ್ತಾ ಮುಂದುವರಿಸಿದ: ‘ಆ ದೋಣ್ಯಾಗ ಒಂದು ಬಲಿ ಅದರೀ, ಯಾವಾಗ ನೋಡಿದ್ರೂ ಹಸಿ. ನಿನ್ನಿ ಒಂದು ಕೂಸಿನ ಚಪ್ಪಲಿ ಸಿಕ್ತು.’

ಅವನ ಜೊತೆಗೇ ಕೆರೆಗೆ ಹೊರಟೆ. ಬಿಸಿಲು ಇನ್ನೂ ಇತ್ತು, ದೋಣಿಯ ಹಲಗೆ ಕಾದಿತ್ತು. ತೊಟ್ಟಿಯಲ್ಲಿ ಬಲೆ ತೊಯ್ದು ತೊಪ್ಪೆಯಾಗಿತ್ತು. ನನ್ನ ಕಣ್ಣೆದುರೇ ಪೊಲೀಸರು ಕತ್ತರಿಸಿದ್ದ ಬಲೆ ಅದು, ಈಗ ಒಂದು ಕಣ್ಣೂ ಹರಿದಿರಲಿಲ್ಲ. ಮಡಿಕೆ ಬಿಚ್ಚಿ ನೋಡಿದೆ. ನನ್ನ ಕನ್ನಡಕ ಇತ್ತು. ಓದುವಾಗ ಹಾಕಿಕೊಳ್ಳುವುದು, ಹೊರಡುವಾಗ ಮೇಜಿನ ಮೇಲಿಟ್ಟು ಆಫೀಸಿಗೆ ಬೀಗ ಹಾಕಿ ಬಂದದ್ದು. ಹುಮನಾಬಾದಿಗೆ ಮರಳಿ ಬೀಗ ತೆಗೆದು ನೋಡಿದರೆ ಮೇಜು ಬರಿದು.

ಈಗ ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೇನೆ. ಎಷ್ಟು ಒರೆಸಿದರೂ ಗಾಜಿನ ಮೇಲೆ ತೇವ.

ಹೆದರಿಕೊಂಡು ಹೇಳುತ್ತಿದ್ದಾನೆ ಎಂದು ನೀವು ಅಂದುಕೊಂಡರೆ, ಅದೂ ಸುಳ್ಳಲ್ಲ. ಹೆದರಿದ್ದೇನೆ. ನಿಮ್ಮ ದುಃಖ ಇಷ್ಟು ವರ್ಷ ನನ್ನನ್ನು ಅಲುಗಿಸಲಿಲ್ಲ, ಒಂದು ಕನ್ನಡಕ ಅಲುಗಿಸಿತು. ಇದಕ್ಕಿಂತ ನಾಚಿಕೆಯ ಮಾತು ನನ್ನ ಬಳಿ ಇಲ್ಲ. ಆದರೆ ಆ ಕೂಸಿನ ಚಪ್ಪಲಿಯೂ ಕಣ್ಣ ಮುಂದಿಂದ ಹೋಗುತ್ತಿಲ್ಲ. ದೋಣಿಯನ್ನು ದಂಡೆಗೆ ಎಳೆದು ನಿಲ್ಲಿಸು ಎಂದು ಹೊಸಬನಿಗೆ ಹೇಳಿ ಬಂದಿದ್ದೇನೆ. ಕಾರಣ ಹೇಳಲಿಲ್ಲ. ಕಾರಣ ಹೇಳದ ಮಾತು ಎಷ್ಟು ದಿನ ನಿಂತೀತು?

ನಾಳೆ ಬೆಳಿಗ್ಗೆ ಘಾಟಬೋರಾಳಕ್ಕೆ ಬಂದು ನಿಮ್ಮ ಕಟ್ಟೆಯ ಮೇಲೆ, ನಾಲ್ಕು ಮಂದಿ ಕೇಳುವಂತೆ ಇದನ್ನು ಓದುತ್ತೇನೆ. ಮಾಳಪ್ಪ ಕುಡಿದಿರಲಿಲ್ಲ ಎಂಬುದನ್ನು ಎರಡು ಸಲ ಓದುತ್ತೇನೆ. ಅಲ್ಲಿಂದ ಪೊಲೀಸ್ ಠಾಣೆಗೆ, ಆಮೇಲೆ ತೆರಿಗೆ ಇಲಾಖೆಗೆ. ಅವರು ಏನು ಮಾಡುತ್ತಾರೋ ಮಾಡಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಮತ್ತೆ ನಿಮ್ಮ ಬಾಯಿಂದ ನನಗೆ ಬೇಕಾದ ಮಾತು ಹೇಳಿಸಿದ ಹಾಗೆ.

ಎಲ್ಲ ಮುಗಿದ ಮೇಲೆ ಕೆರೆಗೆ ಹೋಗಿ, ಅಂದು ನಿಂತಿದ್ದಷ್ಟೇ ನೀರಿನಲ್ಲಿ ನಿಂತು, ನೀವು ಹೇಳಬೇಕೆಂದಿದ್ದುದನ್ನು ಹೇಳುತ್ತೇನೆ: ಮೀನು ಹಿಡಿಯಲು ಬಂದವರಲ್ಲ ನಾವು, ಮನುಷ್ಯರನ್ನು ಕೂರಿಸಿಕೊಂಡು ತಿರುಗಲು ಬಂದವರು. ನೀರು ನಂಬೀತೋ ಇಲ್ಲವೋ, ಗೊತ್ತಿಲ್ಲ. ನೀವು ಜೊತೆಗೆ ಬರಬೇಕಾಗಿಲ್ಲ ಅಕ್ಕ, ದಂಡೆಯ ಮೇಲೂ ನಿಲ್ಲಬೇಕಾಗಿಲ್ಲ. ಈ ಸಲ ನೀರಿಗಿಳಿಯುವವನು ನಾನೊಬ್ಬನೇ.