ರಾಜತಂತ್ರ ಓದಲು ಬೇಕಾದ ವಾಸದ ಕಾಗದ

ಗಾಡಿ ಇಳಿದು ಹತ್ತು ನಿಮಿಷವಾಗಿರಲಿಲ್ಲ, ಕಲಬುರ್ಗಿ ನಿಲ್ದಾಣದ ಉದ್ದನೆಯ ಮೇಜಿನ ಮೇಲೆ ನನ್ನ ಟ್ರಂಕು ಬಾಯಿ ತೆರೆದು ಕುಳಿತಿತ್ತು. ಶೇರವಾನಿ ತೊಟ್ಟ ಅಧಿಕಾರಿಯೊಬ್ಬರು ನನ್ನ ಮದುವೆಯ ಸೀರೆಗಳನ್ನು ಒಂದೊಂದಾಗಿ ಎತ್ತಿಟ್ಟು, ಬೆಳ್ಳಿಯ ವಿಭೂತಿ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ತಳದಲ್ಲಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಹೊರಗೆ ತೆಗೆದರು. ಇದಕ್ಕೆ ಇಲ್ಲಿ ಕರೋಡಗಿರಿ ಎನ್ನುತ್ತಾರೆ. ಪರದೇಶದಿಂದ ಬಂದ ಸಾಮಾನಿಗೆ ಸುಂಕದವರು ಮಾಡುವ ತಪಾಸಣೆ. ಪರದೇಶವೆಂದರೆ ನಮ್ಮ ಧಾರವಾಡ.

ಪುಸ್ತಕದಲ್ಲಿ ಭೂಪಟಗಳಿದ್ದವು. ಅವರು ನಿಜಾಮರ ಸೀಮೆ ಇರುವ ಜಾಗವನ್ನು ಬೆರಳಿನಿಂದ ಹುಡುಕಿ, ಅದಕ್ಕೆ ಯಾವ ಬಣ್ಣ ಹಚ್ಚಿದ್ದಾರೆಂದು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, ಏನು ಓದುತ್ತೀ ಬೇಟಿ ಎಂದು ಕೇಳಿದರು. ದೇಶದೇಶಗಳ ಸಂಬಂಧ ಎಂದೆ. ಅವರು ನನ್ನ ಯಜಮಾನರ ಕಡೆ ತಿರುಗಿದರು.

"ಹೊಸದಾಗಿ ಲಗ್ನ ಆದವರಿಗೆ ಅತ್ತಿ-ಸೊಸಿ ಸಂಬಂಧ ಸಾಕಾಗಂಗಿಲ್ಲೇನ್ರಿ, ವಕೀಲಸಾಬ್?"

ಸುತ್ತ ನಿಂತವರೆಲ್ಲ ನಕ್ಕರು, ನಮ್ಮವರೂ ನಕ್ಕರು. ಪುಸ್ತಕ ಪರಿಶೀಲನೆಗೆಂದು ಅಲ್ಲಿಯೇ ಉಳಿಯಿತು. ಮೂರು ವಾರದ ಮೇಲೆ ತಿರುಗಿ ಬಂದಾಗ ಅದರ ಮೊದಲ ಪುಟದಲ್ಲಿ ನೇರಳೆ ಬಣ್ಣದ ಮೊಹರು ಇತ್ತು. ನನ್ನ ಹೆಸರು ಬರೆದಿದ್ದ ಜಾಗದ ಮೇಲೆಯೇ.

ಬ್ರಿಟಿಷರು ಹೊರಡಲು ಕೆಲವೇ ತಿಂಗಳು ಉಳಿದಿದ್ದ ಬೇಸಿಗೆ ಅದು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಬಿ.ಎ. ಕಡೆಯ ವರ್ಷದ ಹೊಸ್ತಿಲಲ್ಲಿದ್ದಾಗ ಲಗ್ನವಾಯಿತು. ರಾಜ್ಯಶಾಸ್ತ್ರದಲ್ಲಿ ರಾಜತಂತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ನಾನು ಆರಿಸಿಕೊಂಡ ವಿಷಯ. ಕಾಲೇಜಿಗೆ ಬರಲಾಗದ ಹೆಂಗಸರು ಮನೆಯಲ್ಲಿಯೇ ಓದಿ ಪರೀಕ್ಷೆಗೆ ಕೂಡಬಹುದೆಂದು ಬ್ರಿಟಿಷ್ ಸೀಮೆಯ ಒಂದು ವಿಶ್ವವಿದ್ಯಾಲಯ ಅನುಮತಿ ಕೊಡುತ್ತಿತ್ತು. ಲಗ್ನದ ಮಾತುಕತೆಯಲ್ಲಿ ನಾನು ಕೇಳಿಕೊಂಡದ್ದು ಇದೊಂದನ್ನೇ. ನಮ್ಮವರು ಒಪ್ಪಿದ್ದರು.

ಕಲಬುರ್ಗಿಯ ಬ್ರಹ್ಮಪುರ ಬಡಾವಣೆಯಲ್ಲಿ ಮನೆ ಮಾಡಿದೆವು. ನೆಲಕ್ಕೂ ಮಾಳಿಗೆಗೂ ಶಹಾಬಾದಿ ಕಲ್ಲು. ಮಧ್ಯಾಹ್ನ ಮೇಲಿನ ಕಲ್ಲು ಸುಡುವಾಗ ಕೆಳಗಿನ ಕಲ್ಲಿಗೆ ನೀರು ಚಿಮುಕಿಸಿ ಅಂಗಾತ ಮಲಗಿ ಓದುತ್ತಿದ್ದೆ. ಧಾರವಾಡದಲ್ಲಿ ಜೂನ್ ಬಂದರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಇಲ್ಲಿ ರಟ್ಟು ಬಿಸಿಲಿಗೆ ಹಪ್ಪಳದಂತೆ ಸೆಟೆಯುತ್ತದೆ. ರೊಟ್ಟಿ ನಮ್ಮದೇ ರೊಟ್ಟಿ, ಆದರೆ ಶೇಂಗಾ ಚಟ್ನಿ ಎಂದರೆ ಕೆಲಸದವಳಿಗೆ ತಿಳಿಯಲಿಲ್ಲ, ಹಿಂಡಿ ಎನ್ನಬೇಕಿತ್ತು. ನಾವು ಅರ್ಜಿ ಎನ್ನುವುದಕ್ಕೆ ಇವರದು ದರಖಾಸ್ತು. ಅಂಗಡಿ ಫಲಕ, ಕೋರ್ಟಿನ ಕಾಗದ, ಅಂಚೆಯ ಮುದ್ರೆ ಎಲ್ಲವೂ ಉರ್ದು. ಇಂಗ್ಲಿಷ್ ಕವನ ಬಾಯಿಪಾಠ ಹೇಳಿ ಬಹುಮಾನ ಗೆದ್ದವಳು ನಾನು, ಇಲ್ಲಿ ಔಷಧದ ಬಾಟಲಿ ಯಾವುದು ಸೀಮೆಎಣ್ಣೆಯದು ಯಾವುದು ಎಂದು ಮೂಸಿ ತಿಳಿಯುತ್ತಿದ್ದೆ.

ಪರೀಕ್ಷೆಯ ದರಖಾಸ್ತಿನ ಜೊತೆ ಒಂದು ಸರ್ಕಾರಿ ಕಾಗದ ಬೇಕಿತ್ತು: ಇಂಥವರ ಹೆಂಡತಿ, ಇಂಥ ಊರಿನಲ್ಲಿ ಕಾಯಂ ವಾಸ. ನಮ್ಮವರ ಮನೆತನದ ದಾಖಲೆಯೆಲ್ಲ ಕಲಬುರ್ಗಿ ಹತ್ತಿರದ ಅವರ ಊರು ಕಮಲಾಪುರದಲ್ಲಿ. ಅಲ್ಲಿ ಅವರದು ಬಾಳೆಯ ತೋಟ, ಕಿರಾಣಿಯ ವ್ಯಾಪಾರ. ಮಳೆಗಾಲ ಮುಗಿದ ಮೇಲೆ ನಾನು ಅತ್ತೆಯವರ ಹತ್ತಿರ ಹೋಗಿ ಉಳಿದೆ. ಅಷ್ಟರಲ್ಲಿ ಧಾರವಾಡದಲ್ಲಿ ತ್ರಿವರ್ಣ ಧ್ವಜ ಏರಿತ್ತು, ಇಲ್ಲಿ ಏರಿರಲಿಲ್ಲ. ತೋಟದ ಕೆಂಪು ಬಾಳೆಯ ಗೊನೆಗಳು ಪಡಸಾಲೆಯಲ್ಲಿ ತೂಗುತ್ತಿದ್ದವು. ಮೊದಲ ದಿನ ನಾನು ಅವು ಕೆಟ್ಟಿವೆಯೆಂದು ತಿಳಿದು ತೆಗೆದಿಟ್ಟೆ. ಇಡೀ ಓಣಿಗೆ ಸುದ್ದಿಯಾಯಿತು. ಧಾರವಾಡದಾಕಿಗೆ ಬಾಳೆಹಣ್ಣೂ ಗೊತ್ತಿಲ್ಲ ಎಂದು ನೆರೆಮನೆಯ ಹೆಂಗಸರು ಬಂದು ಬಂದು ನನ್ನ ಮುಖ ನೋಡಿ ಹೋದರು.

ವಾಸದ ಕಾಗದದ ತಪಾಸಣೆಗೆ ಸರ್ಕಾರಿ ಕಚೇರಿಯಿಂದ ಪೇಶಕಾರರು ಬಂದರು. ಎಂದರೆ ಸಾಹೇಬರ ಮುಂದೆ ಕಾಗದಪತ್ರ ಇಡುವ ಗುಮಾಸ್ತರು. ವಯಸ್ಸಾದ ಮುಸಲ್ಮಾನರು, ಬಹಳ ಮೆತ್ತನೆಯ ಮಾತು. ಅವರು ಕಟ್ಟೆಯ ಮೇಲೆ ಕುಳಿತರು, ನಾನೂ ಅತ್ತೆಯವರೂ ಬಾಗಿಲ ಹಿಂದೆ ನಿಂತೆವು. ನಮ್ಮವರು ಒಂದು ಮೊಕದ್ದಮೆಗೆಂದು ಹೈದರಾಬಾದಿಗೆ ಹೋಗಿದ್ದರು. ನನ್ನ ಹೆಸರು, ವಯಸ್ಸು, ತವರು ಎಲ್ಲ ಬರೆದುಕೊಂಡ ಮೇಲೆ ಪೇಶಕಾರರು ಗಂಡನ ಹೆಸರು ಕೇಳಿದರು.

ಹೆಂಡತಿ ಗಂಡನ ಹೆಸರು ಹೇಳಬಾರದು. ಅದು ನಮ್ಮ ಧಾರವಾಡದಲ್ಲೂ ಇದೆ. ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಹೇಳುತ್ತಿದ್ದೆನೇನೋ, ಆದರೆ ಅತ್ತೆಯವರ ಕೈ ನನ್ನ ಹೆಗಲ ಮೇಲಿತ್ತು. ಅತ್ತೆಯವರೇ ಹೇಳುತ್ತಾರೆಂದು ಕಾದೆ. ಅವರೂ ಹೇಳಲಿಲ್ಲ. ನಮ್ಮವರಿಗೆ ಇಟ್ಟದ್ದು ಅಜ್ಜನ ಹೆಸರು, ಅತ್ತೆಯವರಿಗೆ ಅದು ಮಾವನ ಹೆಸರು. ಮಗನನ್ನು ಹುಟ್ಟಿದಾಗಿನಿಂದ ಅವರು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ.

"ಅಮ್ಮಾರ, ಸರ್ಕಾರಿ ಕಾಗದ ಅದ," ಎಂದರು ಪೇಶಕಾರರು. "ಹೆಸರ ಹೇಳಲಾರದ ಹ್ಯಾಂಗ ಬರೀಲಿ?"

"ಅಪ್ಪಾಸಾಬ ಅಂತ ಬರೀರಿ," ಎಂದರು ಅತ್ತೆ. "ಊರಿಗೆಲ್ಲ ಗೊತ್ತದ."

ಅವರು ಬರೆದರು. ಉರ್ದುವಿನ ಆ ಕಾಗದವನ್ನು ಓದಲು ಬಾರದ ನಾನು ಅದರ ಚಂದದ ಮೊಹರನ್ನು ನೋಡಿ ಸಂತೋಷಪಟ್ಟೆ. ಗಡುವು ಹತ್ತಿರವಿತ್ತು, ನಮ್ಮವರು ಬರುವ ತನಕ ಕಾಯದೆ ಅಂಚೆಗೆ ಹಾಕಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ದರಖಾಸ್ತಿನಲ್ಲಿರುವ ಗಂಡ ಶಿವಶರಣಪ್ಪ, ಪ್ರಮಾಣಪತ್ರದಲ್ಲಿರುವ ಗಂಡ ಅಪ್ಪಾಸಾಬ. ಅಭ್ಯರ್ಥಿಯ ಗಂಡ ಯಾರೆಂದು ತಿಳಿಯದೆ ಈ ವರ್ಷ ಪ್ರವೇಶ ಕೊಡಲಾಗುವುದಿಲ್ಲ.

ನಮ್ಮವರು ಅದನ್ನು ಓದಿ ನಗುತ್ತ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ಹಿಟ್ಟು ನಾದಿದೆ. ನನ್ನ ಪುಸ್ತಕದಲ್ಲಿ ರಾಯಭಾರಿಗಳನ್ನು ಯಾವ ಪದವಿಯಿಂದ ಸಂಬೋಧಿಸಬೇಕು, ಯಾರ ಹಿಂದೆ ಯಾರು ನಡೆಯಬೇಕು ಎಂದು ಒಂದು ಅಧ್ಯಾಯವೇ ಇತ್ತು, ಅದನ್ನು ನಾನು ಕಂಠಪಾಠ ಮಾಡಿದ್ದೆ. ಹೊಸ್ತಿಲ ಮೇಲೆ ನಿಂತು ಒಂದು ಹೆಸರು ಹೇಳುವ ಧೈರ್ಯವಾಗಲಿಲ್ಲ.

ಆಮೇಲಿನ ವರ್ಷ ನಿಮಗೂ ಗೊತ್ತು. ನಿಜಾಮರ ಪರದ ರಜಾಕಾರ ಪಡೆಯ ಗಲಾಟೆ ಹೆಚ್ಚಾದಾಗ ಹೆಂಗಸರನ್ನೂ ಮಕ್ಕಳನ್ನೂ ಗಡಿಯಾಚೆ ಕಳಿಸಿದರು. ನಾನೂ ಅತ್ತೆಯವರೂ ಸೊಲ್ಲಾಪುರದ ನೆಂಟರ ಮನೆಯಲ್ಲಿ ನಾಲ್ಕು ತಿಂಗಳಿದ್ದೆವು. ಈಗ ನಾನು ಈ ಕಡೆಯವಳೇ ಅಲ್ಲವೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದೆ. ಆರು ತಿಂಗಳು ವಾಸವಿರಬೇಕೆಂದು ಉತ್ತರ. ಪೊಲೀಸ್ ಆಕ್ಷನ್ ನಡೆದು, ಭಾರತದ ಸೈನ್ಯ ಬಂದು, ನಾವು ಮನೆಗೆ ತಿರುಗಿದಾಗ ನನ್ನ ಟಿಪ್ಪಣಿಯ ಅರ್ಧ ಗೆದ್ದಲಿಗೆ ಹೋಗಿತ್ತು. ಕೋಟೆಯ ಕಡೆಯ ಓಣಿಗಳಲ್ಲಿ ಬೀಗ ಬಿದ್ದ ಮುಸಲ್ಮಾನರ ಮನೆಗಳನ್ನು ಕಂಡೆ. ಗೆದ್ದವರ ಕಡೆಯವಳಾಗಿ ಆ ಬೀಗಗಳನ್ನು ನೋಡುವುದು ಸುಲಭವಾಗಿರಲಿಲ್ಲ.

ಮರುವರ್ಷ ಮತ್ತೆ ಕಮಲಾಪುರ, ಮತ್ತೆ ಅದೇ ಕಟ್ಟೆ, ಅದೇ ಪೇಶಕಾರರು. ಬಹಳ ಸೊರಗಿದ್ದರು. ಅವರ ಮನೆಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾಗದ ಮಾತ್ರ ಈಗ ಇಂಗ್ಲಿಷಿನದು. ಗಂಡನ ಹೆಸರಿನ ಸಾಲು ಬಂದಾಗ ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದು, "ಶಿವಶರಣಪ್ಪ" ಎಂದೆ.

ಪೇಶಕಾರರು ತಲೆ ಎತ್ತದೆ ಬರೆದುಕೊಂಡರು. ಅತ್ತೆಯವರು ಒಳಗೆ ಹೋದರು. ಮೂರು ದಿನ ನನ್ನೊಂದಿಗೆ ಮಾತಿಲ್ಲ. ರೊಟ್ಟಿ ಬಡಿಸುವಾಗಲೂ ಬುಟ್ಟಿಯನ್ನು ನನ್ನ ಮುಂದೆ ಸರಿಸಿ ಅತ್ತ ತಿರುಗುತ್ತಿದ್ದರು. ಅಷ್ಟಾದರೂ ಕಾಗದ ಸರಿಯಾಯಿತಲ್ಲ ಎಂದುಕೊಂಡೆ.

ಉತ್ತರ ಒಂದೇ ಹಾಳೆಯಲ್ಲಿ ಬಂತು. ಹೈದರಾಬಾದು ಈಗ ಭಾರತದಲ್ಲಿಯೇ ಇರುವುದರಿಂದ ಅಲ್ಲಿನ ನಿವಾಸಿಗಳು ತಮ್ಮ ಸೀಮೆಯ ವಿಶ್ವವಿದ್ಯಾಲಯದಲ್ಲಿಯೇ ಪರೀಕ್ಷೆಗೆ ಕೂಡತಕ್ಕದ್ದು. ನಮ್ಮ ಸೀಮೆಯದರಲ್ಲಿ ಪಾಠಗಳು ಉರ್ದುವಿನಲ್ಲಿ. ಬೇರೆ ದೇಶವಾಗಿದ್ದಾಗ ನಾನು ಯಾರ ಹೆಂಡತಿಯೆಂದು ಕೇಳಿದರು. ಒಂದೇ ದೇಶವಾದ ಮೇಲೆ ಬರಬೇಡ ಎಂದರು. ಆ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟೆ. ಯಾರ ಮೇಲಾದರೂ ಕೂಗಾಡಬೇಕೆನಿಸಿತ್ತು, ಕೂಗಾಡಲು ಕಲಿತಿಲ್ಲ.

ಧಾರವಾಡದಿಂದ ಅಣ್ಣ ಉಪಾಯ ಹೂಡಿದ. ವರ್ಷದ ಮಟ್ಟಿಗೆ ತವರಿಗೆ ಬಾ, ಪರೀಕ್ಷೆ ಮುಗಿಸಿ ಹೋಗು ಎಂದು ಬರೆದು, ಟೈಪು ಮಾಡಿಸಿದ ಹೇಳಿಕೆಯನ್ನೂ ಲಕೋಟೆಯಲ್ಲಿಟ್ಟಿದ್ದ. ಅದರ ಪ್ರಕಾರ ಲಗ್ನದ ನಂತರವೂ ನನ್ನ ಕಾಯಂ ವಾಸ ಧಾರವಾಡವೇ ಆಗಿದ್ದು, ಕಲಬುರ್ಗಿಯಲ್ಲಿ ಆಗಾಗ ತಂಗುವುದು ಮಾತ್ರ. ಕೆಳಗೆ ಸಹಿಗೆ ಜಾಗ. ಹಾಕಿಬಿಡು, ಕಾಗದದಲ್ಲಿ ಏನಿದ್ದರೇನು ಎಂದು ನಮ್ಮವರು ವಕೀಲರ ಧಾಟಿಯಲ್ಲಿ ಹೇಳಿದರು. ಬ್ರಹ್ಮಪುರಕ್ಕೆ ಬಂದಿದ್ದ ಅತ್ತೆ ಅದನ್ನು ಮಗನಿಂದ ಓದಿಸಿ ಕೇಳಿದರು.

"ಓದಾಕ ಹೋಗವ್ವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲಿ ಇದ್ದೇ ಇಲ್ಲ ಅಂತ ಬರದ್ ಕೊಡಬ್ಯಾಡ."

ಮುನಿಸಿನಿಂದ ಪೆನ್ನು ಕೈಗೆತ್ತಿಕೊಂಡೆ. ಆ ಸಾಲನ್ನು ಎರಡು ಸಲ ಓದಿದೆ. ಅದು ಸುಳ್ಳು. ನಿಜವಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಈ ಸುಡುಗಾಡು ಬಿಸಿಲನ್ನು, ಮೂಸಿ ನೋಡುವ ಬಾಟಲಿಗಳನ್ನು, ಮಾತು ಬಿಟ್ಟು ರೊಟ್ಟಿ ಬಡಿಸುವ ಅತ್ತೆಯನ್ನು ನಾನು ಯಾವಾಗ ನನ್ನದೆಂದುಕೊಂಡೆನೋ ನನಗೇ ತಿಳಿದಿರಲಿಲ್ಲ. ನೀನು ಎಲ್ಲಿಯವಳೆಂದು ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಹೇಳಿಕೆಯನ್ನು ಖಾಲಿಯಾಗಿಯೇ ಅಣ್ಣನಿಗೆ ತಿರುಗಿಸಿದೆ. ಅವನಿಗೆ ಸಿಟ್ಟು ಬಂದಿದೆ, ಪತ್ರವಿಲ್ಲ.

ಈಗ ಹೈದರಾಬಾದಿನ ವಿಶ್ವವಿದ್ಯಾಲಯದ ಅರ್ಜಿ ತರಿಸಿದ್ದೇನೆ. ಸ್ಲೇಟಿನ ಮೇಲೆ ಉರ್ದು ಅಕ್ಷರ ಅಲಿಫ್, ಬೇ ತಿದ್ದುತ್ತಿದ್ದೇನೆ, ಇನ್ನೆಷ್ಟು ವರ್ಷವೋ. ಅರ್ಜಿಯನ್ನು ನಮ್ಮವರು ಓದಿ ಹೇಳಿದರು. ಗಂಡನ ಹೆಸರಿಗೆ ಕಲಮಿದೆ, ಗಂಡನ ಊರಿಗೆ ಕಲಮಿದೆ, ಹುಟ್ಟಿದ ಊರನ್ನು ಅದು ಎಲ್ಲಿಯೂ ಕೇಳುವುದಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಧಾರವಾಡ ಎಂದು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಕಳಿಸುವ ಮೊದಲು ಅದನ್ನು ಅಳಿಸಬೇಕು.