ಅತ್ತೆ ಕಟ್ಟಿದ ನೂಲು

ಹಿಂದಿನ ಬೇಸಿಗೆಯಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆಯ ಹುಡುಗಿಯೊಬ್ಬಳು ರಬಕವಿಯ ನಮ್ಮ ಮನೆಗೆ ಬಂದು, ಹೊಳೆ ಉಕ್ಕಿ ಬಂದರೆ ಕಣ್ಣು ಕಾಣದ ನಮ್ಮ ಅತ್ತೆಗೆ ಏನೇನು ಬೇಕಾಗುತ್ತದೆಂದು ಪಟ್ಟಿ ಕೊಟ್ಟಿದ್ದಳು. ಗುಳಿಗೆ, ಆಧಾರ್ ಕಾರ್ಡು, ಬಿಳಿ ಕೋಲು, ಒಂದು ಸೀಟಿ. ಮುಧೋಳದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ನಾನು ಒಂದೊಂದರ ಮುಂದೆಯೂ ಪೆನ್ಸಿಲ್ಲಿನಿಂದ ಗುರುತು ಹಾಕಿ, ಚೀಲ ತುಂಬಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.

"ಸೀಟಿ ಊದಾಕ ನಾ ಏನ್ ಬಸ್ ಕಂಡಕ್ಟರೇನಬೇ?" ಎಂದು ಅತ್ತೆ ನಕ್ಕಿದ್ದರು.

ಮಳೆಗಾಲದಲ್ಲಿ ಕೃಷ್ಣೆ ಓಣಿಯೊಳಗೇ ಬಂದಳು. ಚೀಲದ ಸಮೇತ ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಹೋದೆವು. ಪಟ್ಟಿಯಲ್ಲಿದ್ದ ಎಲ್ಲವೂ ನಮ್ಮ ಬಳಿ ಇತ್ತು. ಆದರೆ ಮನೆಯಲ್ಲಿ ಅತ್ತೆ ಕೋಲು ಹಿಡಿದವರೇ ಅಲ್ಲ. ಮಗ್ಗದ ಕಂಬ, ಹಿತ್ತಲ ಗೋಡೆ ಮುಟ್ಟಿಕೊಂಡು ತಾವೇ ಪಾಯಖಾನೆಗೆ ಹೋಗಿಬರುತ್ತಿದ್ದರು. ಇಲ್ಲಿ ಮುಟ್ಟಲು ಮಲಗಿದವರ ಕಾಲುಗಳಷ್ಟೇ ಇದ್ದವು. ಮೊದಲ ದಿನ ನನ್ನ ಕೈ ಹಿಡಿದು ಹೋಗಿಬಂದರು.

ಮರುದಿನ ಉಡಿಯಿಂದ ನೂಲಿನ ಉಂಡೆ ತೆಗೆದರು. ನಾಲ್ಕೆಳೆ ಕೂಡಿಸಿ ಹುರಿಮಾಡಿ, ತಮ್ಮ ಚಾಪೆಯ ಪಕ್ಕದ ಕಿಟಕಿ ಸರಳಿನಿಂದ ವರಾಂಡದ ಕಂಬಗಳಗುಂಟ ಪಾಯಖಾನೆಯ ಚಿಲಕದವರೆಗೂ ನನ್ನಿಂದ ಎಳೆಸಿದರು. ಗಂಟು ಮಾತ್ರ ತಾವೇ ಹಾಕಿದರು: ತಿರುವಿಗೆ ಒಂದು, ಮೆಟ್ಟಿಲಿಗೆ ಎರಡು. ನೂಲು ಹಿಡಿದು ಒಬ್ಬರೇ ಹೋಗಿಬಂದು ಕುಳಿತರು.

"ಒಂದನೇತ್ತಾನೂ ಪಾಸಾಗದಾಕಿ ನಾ. ಪಾಯಖಾನಿ ತನಕಾರ ಪಾಸಾದ್ನಿ ನೋಡ."

ಮೂರನೆಯ ದಿನ ತಾಲೂಕಿನ ಸಾಹೇಬರು ಕೇಂದ್ರ ನೋಡಲು ಬರುವವರಿದ್ದರು. ಪಟ್ಟಿ ಕೊಟ್ಟಿದ್ದ ಅದೇ ಹುಡುಗಿ ಮುಂಚಿತವಾಗಿ ಓಡಿಬಂದಳು. "ಅಕ್ಕಾರ, ದಾರ್ಯಾಗ ಇದೇನ್ರಿ? ಯಾರರ ಎಡವಿ ಬಿದ್ದರ? ದಾರಿ ಖುಲ್ಲಾ ಇರಬೇಕ್ರಿ," ಎನ್ನುತ್ತ ನೂಲು ಬಿಚ್ಚಿ ಸುತ್ತತೊಡಗಿದಳು. ಅತ್ತೆಗೆ ನಿದ್ದೆ ಹತ್ತಿತ್ತು. ಅದು ನಮ್ಮ ಅತ್ತೆಯದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ಮೆಟ್ಟಿಲು ಹತ್ತುತ್ತಿದ್ದರು. ಅವಳು ಅಂದವಾಗಿ ಸುತ್ತಿದ ಉಂಡೆಯನ್ನು ನನ್ನ ಕೈಗಿಟ್ಟಳು. ನಾನು "ಥ್ಯಾಂಕ್ಯೂ" ಎಂದೆ.

ಅತ್ತೆ ಎದ್ದು ಕಿಟಕಿಯ ಸರಳು ತಡವಿದರು. ಮೇಲೆ, ಕೆಳಗೆ, ಮತ್ತೆ ಮೇಲೆ. ಸುತ್ತ ಬೂಟಿನ ಸಪ್ಪಳ.

"ಯವ್ವಾ, ಎಲ್ಲಿ ಹೋತ ನೂಲು?"

ಜನರನ್ನು ದಾಟಿ ನಾನು ಅವರ ಕೈ ಹಿಡಿಯುವಷ್ಟರಲ್ಲಿ ಸೀರೆಯ ನಿರಿಗೆ ಒದ್ದೆಯಾಗಿತ್ತು.

ಸಂಜೆ ವಿಷಯ ತಿಳಿದ ಹುಡುಗಿ, "ತಪ್ಪಾತ್ರಿ ಅಮ್ಮಾರ, ತಪ್ಪಾತ್ರಿ," ಎನ್ನುತ್ತ ಮತ್ತೆ ನೂಲು ಕಟ್ಟಿದಳು, ಮೊದಲಿಗಿಂತ ಬಿಗಿಯಾಗಿ. ಅತ್ತೆ ಬೆರಳಿನಿಂದ ಮೊದಲ ಗಂಟನ್ನು ಮುಟ್ಟಿ ನೋಡಿದರು.

"ಛಲೋ ಕಟ್ಟೀದೀಯವ್ವಾ. ಆದ್ರ ಇದು ಯಾವಾಗ ಇರತೈತಿ, ಯಾವಾಗ ಇರಂಗಿಲ್ಲ, ನನಗ ಹೆಂಗ ಗೊತ್ತಾಗಬೇಕು?"

ಅವಳು ನನ್ನ ಮುಖ ನೋಡಿದಳು. ನಾನು ಚೀಲದಿಂದ ಗುಳಿಗೆ ತೆಗೆದು, ಲೋಟದ ತುಂಬ ನೀರು ಕೊಟ್ಟೆ. ಅತ್ತೆ ಒಂದೇ ಗುಟುಕಿನಲ್ಲಿ ಗುಳಿಗೆ ನುಂಗಿ, ಉಳಿದ ನೀರಿನ ಸಮೇತ ಲೋಟ ತಿರುಗಿ ಕೊಟ್ಟರು.

"ಸಾಕು. ಹೊಳಿ ಇಳಿಯೂ ತನಕಾ ನನಗ ನೀರ ಕೊಡಬ್ಯಾಡ."